ಬಾಗಿಲು ತೆರೆದರೆ ಸಾಲದು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ 2024ರಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ, 1978ರ ಎಸ್.ಎಸ್.ಎಲ್.ಸಿ. ತಂಡದ ವಿದ್ಯಾರ್ಥಿನಿಯೂ ನಿವೃತ್ತ ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ಅಧ್ಯಾಪಕಿಯೂ ಆದವರು ಮಾಡಿದ ಭಾಷಣದ ಪೂರ್ಣಪಾಠ)



ಸ್ವಾಗತ ಸಮಿತಿಯವರು ನನಗೆ ಕೊಟ್ಟಿರುವ ವಿಷಯ ‘ಉದ್ಯೋಗ ಕ್ಷೇತ್ರದಲ್ಲಿ ಮಹಿಳಾ ನಾಯಕತ್ವ’. ಬೆಂಗಳೂರಿನಲ್ಲಿ 36 ವರ್ಷ ಈ ವಿಷಯ ಪಾಠ ಮಾಡಿದ್ದೇನೆ. ದೊಡ್ಡ ದೊಡ್ಡ ಪುಸ್ತಕಗಳನ್ನು ಓದಿಸಿದ್ದೇನೆ, ಕಂಪನಿಗಳ ಅಧಿಕಾರಿಗಳಿಗೆ ತರಬೇತಿ ಕೊಟ್ಟಿದ್ದೇನೆ. ಆದರೆ ಈ ವಿಷಯದ ಮೊದಲ ಪಾಠವನ್ನು ನಾನು ಕಲಿತದ್ದು ಕಾಲೇಜಿನಲ್ಲಿ ಅಲ್ಲ. ಇದೇ ಕಟ್ಟಡದ ಹಿಂಭಾಗದಲ್ಲಿ, ಒಂದು ತಗಡಿನ ಮರೆಯ ಹತ್ತಿರ. ಅಲ್ಲಿಂದಲೇ ಮಾತು ಶುರು ಮಾಡುತ್ತೇನೆ.

ನಾನು ಎಂಟನೇ ತರಗತಿಗೆ ಸೇರಿದ್ದು 1975ರಲ್ಲಿ. ಶಾಲೆ ಶುರುವಾಗಿ ಒಂದು ವರ್ಷವಾಗಿತ್ತು. ನಮ್ಮ ತರಗತಿಯಲ್ಲಿ ನಾವು ಒಂಬತ್ತು ಹುಡುಗಿಯರು. ಆಗ ನಮಗೆ ಶೌಚಾಲಯ ಇರಲಿಲ್ಲ. ಗಂಡು ಹುಡುಗರು ಬೇಲಿಯಾಚೆ ಹೋಗಿ ಬರುತ್ತಿದ್ದರು. ನಾವು ಬೆಳಿಗ್ಗೆಯಿಂದ ನೀರು ಕುಡಿಯದೆ ಕುಳಿತು, ಮಧ್ಯಾಹ್ನದ ಬೆಲ್ ಹೊಡೆದ ಕೂಡಲೇ ಮನೆಗೆ ಓಡುತ್ತಿದ್ದೆವು. ಎರಡು ಮೈಲಿ ದೂರದವರು ಮಧ್ಯಾಹ್ನ ವಾಪಸು ಬರುತ್ತಿರಲಿಲ್ಲ. ದೊಡ್ಡವರಾದ ಮೇಲಂತೂ ತಿಂಗಳಲ್ಲಿ ನಾಲ್ಕೈದು ದಿನ ಶಾಲೆಯೇ ಇಲ್ಲ. ಹೀಗೆ ಪಾಠ ತಪ್ಪಿ, ಪರೀಕ್ಷೆಯಲ್ಲಿ ಹಿಂದೆ ಬಿದ್ದು, ಒಂಬತ್ತನೇ ತರಗತಿಯ ನಡುವಿಗೆ ನಾಲ್ವರು ಬಿಟ್ಟೇಬಿಟ್ಟರು. ಊರಿನಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: ‘ಹೆಣ್ಣುಮಕ್ಕಳಿಗೆ ಓದಿನಲ್ಲಿ ಆಸಕ್ತಿ ಇಲ್ಲ.’

ಆಗಿನ ನಮ್ಮ ಹೆಡ್ ಮೇಷ್ಟ್ರು ಆ ಮಾತನ್ನು ನಂಬಲಿಲ್ಲ. ಅವರು ಭಾಷಣ ಮಾಡಲಿಲ್ಲ, ನಮ್ಮನ್ನು ಬೈಯಲಿಲ್ಲ. ಮಧ್ಯಾಹ್ನ ಯಾಕೆ ಬರುವುದಿಲ್ಲ ಎಂದು ಕೇಳಿಸಿದರು. ಅವರು ಕೇಳಿದರೆ ನಾವು ಬಾಯಿ ಬಿಡುವುದಿಲ್ಲ ಎಂದು ಗೊತ್ತಿತ್ತು. ಆದ್ದರಿಂದ ತಮ್ಮ ಮನೆಯವರನ್ನು ಒಂದು ದಿನ ಶಾಲೆಗೆ ಕರೆತಂದು ನಮ್ಮ ಜೊತೆ ಕೂರಿಸಿ ತಾವು ಹೊರಗೆ ಹೋದರು. ಅಮ್ಮಾವ್ರ ಹತ್ತಿರ ನಾವು ಹೇಳಿದೆವು. ಮುಂದಿನ ವಾರ ಕಟ್ಟಡದ ಹಿಂದೆ ಗುಂಡಿ ತೋಡಿಸಿ, ಸುತ್ತ ತಗಡಿನ ಮರೆ ಕಟ್ಟಿಸಿ, ಒಂದು ಹಂಡೆ ನೀರು ಇಡಿಸಿದರು. ಅದಕ್ಕೆ ಸರ್ಕಾರದ ಹಣ ಬಂದಿರಲಿಲ್ಲ. ಉಳಿದಿದ್ದ ನಾವು ಐದು ಜನವೂ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂತೆವು. ಅವರಲ್ಲಿ ಇಬ್ಬರು ಇವತ್ತು ಇಲ್ಲೇ ಎರಡನೇ ಸಾಲಿನಲ್ಲಿ ಕುಳಿತು ನಗುತ್ತಿದ್ದಾರೆ.

ಶಾಲೆಯ ಬಾಗಿಲು ನಮಗೆ 1975ರಲ್ಲೇ ತೆರೆದಿತ್ತು. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ. ಆದರೂ ನಾಲ್ವರು ಹೊರಗೆ ಹೋದರು. ಒಳಗೆ ಬಿಡುವುದು ಬೇರೆ, ಒಳಗೆ ಉಳಿಯುವಂತೆ ಮಾಡುವುದು ಬೇರೆ. ನನ್ನ ಇಡೀ ವೃತ್ತಿಯಲ್ಲಿ ನಾನು ಹೇಳುತ್ತಾ ಬಂದದ್ದು ಈ ಒಂದು ಮಾತನ್ನೇ.

ನಮ್ಮ ಶಾಲೆ ಹುಟ್ಟಿದ 1974ನೇ ಇಸವಿಯಲ್ಲೇ ಇನ್ನೊಂದು ಘಟನೆ ನಡೆಯಿತು. ಮಕ್ಕಳು ಕೇಳಿರಬಹುದು, ಆದರೂ ಹೇಳುತ್ತೇನೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸುಧಾ ಕುಲಕರ್ಣಿ ಎಂಬ ಹುಡುಗಿ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದರು. ಪುಣೆಯ ಟೆಲ್ಕೊ ಕಾರ್ಖಾನೆಗೆ ಎಂಜಿನಿಯರುಗಳು ಬೇಕೆಂಬ ಜಾಹೀರಾತು ನೋಟಿಸ್ ಬೋರ್ಡಿಗೆ ಬಂತು. ಕೊನೆಯಲ್ಲಿ ಮಹಿಳೆಯರು ಅರ್ಜಿ ಹಾಕುವ ಅಗತ್ಯವಿಲ್ಲ ಎಂದು ಬರೆದಿತ್ತು. ಆಕೆ ಒಂದು ಪೋಸ್ಟ್‌ಕಾರ್ಡು ತೆಗೆದುಕೊಂಡು ನೇರವಾಗಿ ಜೆ.ಆರ್.ಡಿ. ಟಾಟಾ ಅವರಿಗೇ ಬರೆದು, ಇದು ಸರಿಯೇ ಎಂದು ಕೇಳಿದರು. ಸಂದರ್ಶನಕ್ಕೆ ಬರುವಂತೆ ತಂತಿ ಬಂತು. ಆ ಕಾರ್ಖಾನೆಯ ಯಂತ್ರಗಳ ನಡುವೆ ಕೆಲಸ ಮಾಡಿದ ಮೊದಲ ಮಹಿಳಾ ಎಂಜಿನಿಯರ್ ಅವರಾದರು. ಅವರೇ ಇಂದಿನ ಸುಧಾ ಮೂರ್ತಿ.

ಪೋಸ್ಟ್‌ಕಾರ್ಡಿನ ಕಥೆ ಎಲ್ಲರಿಗೂ ಇಷ್ಟ. ಆದರೆ ಅದಕ್ಕೆ ಮುಂಚಿನ ಕಥೆಯನ್ನು ನಾನು ತರಗತಿಯಲ್ಲಿ ಹೆಚ್ಚು ಹೇಳುತ್ತಿದ್ದೆ. ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಓದುವಾಗ ಇಡೀ ಕಾಲೇಜಿಗೆ ಅವರೊಬ್ಬರೇ ಹುಡುಗಿ. ಸೀರೆ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು ಎಂದು ಮೊದಲೇ ಷರತ್ತು ಹಾಕಿದ್ದರು. ಹೆಣ್ಣುಮಕ್ಕಳ ಶೌಚಾಲಯ ಇರಲಿಲ್ಲ. ಅವರೇ ಇದನ್ನು ಅನೇಕ ಸಲ ಹೇಳಿಕೊಂಡಿದ್ದಾರೆ. ಮುಂದೆ ಇನ್ಫೊಸಿಸ್ ಪ್ರತಿಷ್ಠಾನದ ಮೂಲಕ ಅವರು ಸಾವಿರಾರು ಶೌಚಾಲಯಗಳನ್ನು ಕಟ್ಟಿಸಿದರು. ಯಾಕೆಂದರೆ ಅವರಿಗೆ ಗೊತ್ತಿತ್ತು. ಒಬ್ಬ ಗಟ್ಟಿಗಿತ್ತಿ ನೀರು ಕುಡಿಯದೆ ನಾಲ್ಕು ವರ್ಷ ಓದಿ ಮೊದಲ ರ‍್ಯಾಂಕು ತೆಗೆಯಬಹುದು. ಎಲ್ಲ ಹುಡುಗಿಯರೂ ಹಾಗೆ ಗಟ್ಟಿಗಿತ್ತಿಯರಾಗಬೇಕು ಎಂದು ಕೇಳುವ ಹಕ್ಕು ನಮಗೆ ಯಾರಿಗೂ ಇಲ್ಲ.

ನಾನು ಎಸ್.ಎಸ್.ಎಲ್.ಸಿ. ಮುಗಿಸಿದ 1978ರಲ್ಲಿ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಎಂಬ 25 ವರ್ಷದ ಯುವತಿ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದಲ್ಲಿ ಬಯೋಕಾನ್ ಕಂಪನಿ ಶುರು ಮಾಡಿದರು. ಆಸ್ಟ್ರೇಲಿಯಾಕ್ಕೆ ಹೋಗಿ ಬಿಯರ್ ತಯಾರಿಕೆಯ ವಿದ್ಯೆ ಕಲಿತು ಬಂದಿದ್ದರೂ, ಅದು ಗಂಡಸರ ಕೆಲಸ ಎಂದು ಇಲ್ಲಿನ ಕಂಪನಿಗಳು ಅವರಿಗೆ ಕೆಲಸ ಕೊಡಲಿಲ್ಲ. ಸ್ವಂತ ಉದ್ಯಮಕ್ಕೆ ಹೊರಟಾಗ ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. ಹೆಂಗಸಿನ ಕೈಕೆಳಗೆ ಕೆಲಸಕ್ಕೆ ಬರಲು ಜನ ಒಪ್ಪುತ್ತಿರಲಿಲ್ಲ. ಅವರ ಮೊದಲ ನೌಕರ ನಿವೃತ್ತ ಮೆಕ್ಯಾನಿಕ್ ಒಬ್ಬರು.

ಇಂತಹ ಅನುಭವಗಳು ಒಬ್ಬರಿಬ್ಬರದಲ್ಲ. ಅದನ್ನು ಅರಿತ ಕೆಲವು ಮಹಿಳೆಯರು ಸೇರಿ 1983ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಮಹಿಳಾ ಉದ್ಯಮಿಗಳ ಸಂಘವನ್ನು ಕಟ್ಟಿದರು. ‘ಅವೇಕ್’ ಎಂದೇ ಅದು ಹೆಸರಾಗಿದೆ. ಅದರ ಸ್ಥಾಪಕಿಯರಲ್ಲಿ ಪ್ರಮುಖರು ಆಹಾರ ತಂತ್ರಜ್ಞೆ ಮಧುರಾ ಛತ್ರಪತಿ. ಅವರ ದಾರಿ ನನಗೆ ಯಾವಾಗಲೂ ಮೆಚ್ಚುಗೆ. ಮನೆಯಲ್ಲಿ ಹಪ್ಪಳ ಉಪ್ಪಿನಕಾಯಿ ಮಾಡುವ ಹೆಣ್ಣುಮಗಳಿಗೆ ‘ಧೈರ್ಯವಾಗಿರು’ ಎಂದು ಹೇಳಿ ಕಳಿಸುವುದು ಅವರ ಪದ್ಧತಿಯಲ್ಲ. ಮಾರುಕಟ್ಟೆ ಎಲ್ಲಿದೆ ಎಂದು ಹುಡುಕುವುದು ಹೇಗೆ, ಯೋಜನಾ ವರದಿ ಬರೆಯುವುದು ಹೇಗೆ, ಬ್ಯಾಂಕಿನ ಮ್ಯಾನೇಜರ್ ಎದುರು ಕೂತು ಲೆಕ್ಕ ಹೇಳುವುದು ಹೇಗೆ ಎಂದು ಕಲಿಸಬೇಕು. ಕಲಿಸುವವಳು ಆ ದಾರಿಯಲ್ಲಿ ನಡೆದು ಬಂದ ಇನ್ನೊಬ್ಬ ಉದ್ಯಮಿ ಮಹಿಳೆಯೇ ಆಗಿರಬೇಕು. ಮುಂದೆ ಬೆಂಗಳೂರಿನ ಐ.ಐ.ಎಂ. ಕೂಡ ಮಹಿಳಾ ಉದ್ಯಮಿಗಳಿಗೆಂದು ತರಬೇತಿ ನಡೆಸಿತು. ನನ್ನಂಥ ಅಧ್ಯಾಪಕರು ಕಲಿತದ್ದು ಇಂಥವರನ್ನು ನೋಡಿ.

ಇಷ್ಟು ಹೇಳಿದ ಮೇಲೆ ನನ್ನ ಒಂದು ತಪ್ಪನ್ನೂ ಹೇಳಬೇಕು. ಸುವರ್ಣ ಮಹೋತ್ಸವದ ವೇದಿಕೆಯಲ್ಲಿ ಸಾಧನೆ ಮಾತ್ರ ಹೇಳಬೇಕೆಂಬ ನಿಯಮವೇನೂ ಇಲ್ಲವಲ್ಲ.

2005ರಲ್ಲಿ ನನ್ನ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಕೆಲಸ ಕೊಡಿಸುವ ಜವಾಬ್ದಾರಿ ನನ್ನ ಮೇಲಿತ್ತು. ಒಂದು ಕಂಪನಿಯವರು ಮಾರಾಟ ವಿಭಾಗಕ್ಕೆ ಜನ ಬೇಕೆಂದು ಬಂದರು. ಅಂಕ ನೋಡಿ ನಾನು 14 ಹೆಸರಿನ ಪಟ್ಟಿ ಕೊಟ್ಟೆ. ಅದರಲ್ಲಿ 5 ಹುಡುಗಿಯರು. ಬಂದವರು ಪೆನ್ನು ತೆಗೆದು ಆ ಐದು ಹೆಸರಿಗೂ ಗೀಟು ಹಾಕಿ, ‘ಊರೂರು ಸುತ್ತೋ ಕೆಲಸ ಮೇಡಂ, ತಪ್ಪು ತಿಳೀಬೇಡಿ’ ಅಂದರು. ನಾನು ಸುಮ್ಮನಿದ್ದೆ. ಆ ಕಂಪನಿ ಮೊದಲ ಸಲ ನಮ್ಮ ಕಾಲೇಜಿಗೆ ಬಂದಿತ್ತು, ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಪೋಸ್ಟ್‌ಕಾರ್ಡಿನ ಕಥೆಯನ್ನು ಹಿಂದಿನ ವಾರವಷ್ಟೇ ತರಗತಿಯಲ್ಲಿ ಹೇಳಿದ್ದೆ!

ಆ ಐವರಲ್ಲಿ ಮಾಗಡಿ ಕಡೆಯ ಒಬ್ಬ ಹುಡುಗಿ ಸಂಜೆ ನನ್ನ ಕೊಠಡಿಗೆ ಬಂದಳು. ಅಳಲಿಲ್ಲ. ‘ಮೇಡಂ, ಒಳಗೆ ಕರೆದು ಮಾತಾಡಿಸಿ ಬೇಡ ಅಂದಿದ್ರೆ ನನಗೆ ಬೇಜಾರಿರ್ತಿರಲಿಲ್ಲ. ಊರೂರು ತಿರುಗ್ತೀಯಾ ಅಂತ ಯಾರೂ ನನ್ನ ಕೇಳಲೇ ಇಲ್ಲ. ನೀವೂ ಕೇಳಲಿಲ್ಲ’ ಅಂದಳು. ಅವಳ ತಂದೆ ತೀರಿಕೊಂಡ ಮೇಲೆ ಹಾಲಿನ ಕ್ಯಾನು ಹೊತ್ತು, ಬಸ್ಸಿನಲ್ಲಿ ತಿರುಗಿ, ಮನೆ ನಡೆಸಿದವಳು ಅವಳು. ಊರೂರು ಸುತ್ತುವುದು ಆ ಪಟ್ಟಿಯ ಹುಡುಗರಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಆ ವರ್ಷ ಅವಳಿಗೆ ಕೆಲಸ ಸಿಗಲಿಲ್ಲ. ಮುಂದಿನ ವರ್ಷ ಮದುವೆಯಾಯಿತು ಎಂದು ಕೇಳಿದೆ. ಆ ಲೆಕ್ಕ ಇವತ್ತಿಗೂ ನನ್ನ ಖಾತೆಯಲ್ಲಿ ಬಾಕಿ ಇದೆ.

ಹೆಡ್ ಮೇಷ್ಟ್ರ ಪಾಠವನ್ನು ನಾನು ಮರೆತಿದ್ದೆ. ಅವರು ಕೇಳಿದ್ದರು, ನಾನು ಕೇಳಲಿಲ್ಲ. ಅಲ್ಲಿಂದ ಮುಂದೆ ಸಂದರ್ಶನಕ್ಕೆ ಮೊದಲು ಯಾವ ಹೆಸರನ್ನೂ ತೆಗೆಯುವಂತಿಲ್ಲ ಎಂದು ನಿಯಮ ಮಾಡಿದೆವು. ಮಾರನೇ ವರ್ಷ ಎರಡು ಕಂಪನಿಗಳು ಬರಲಿಲ್ಲ. ಆಡಳಿತ ಮಂಡಳಿಯವರು ಮುಖ ಗಂಟಿಕ್ಕಿದರು. ಬಂದ ಕಂಪನಿಗಳು ಮಾತ್ರ ಹುಡುಗಿಯರನ್ನು ಕರೆದು ಮಾತಾಡಿಸಿದವು. ಮಾತಾಡಿಸಿದ ಮೇಲೆ ಕೆಲಸವನ್ನೂ ಕೊಟ್ಟವು.

ಇನ್ನು ಕಾರ್ಖಾನೆಯ ಒಳಗಿನ ಒಂದು ಮಾತು. ಸುಮಾರು 12 ವರ್ಷದ ಹಿಂದೆ ಬೆಂಗಳೂರಿನ ಹೊರವಲಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯವರು ನನ್ನನ್ನು ಸಲಹೆಗೆ ಕರೆದರು. ಹೊಲಿಗೆ ಲೈನುಗಳಲ್ಲಿ ಕೂತವರೆಲ್ಲ ಹೆಂಗಸರು, ರಾಮನಗರ ಚನ್ನಪಟ್ಟಣದ ಕಡೆಯಿಂದ ಕಂಪನಿ ಬಸ್ಸಿನಲ್ಲಿ ಬರುವವರೇ ಬಹಳ. ಲೈನಿನ ತುದಿಯಲ್ಲಿ ನಿಂತು ಪ್ರೊಡಕ್ಷನ್ ಕೇಳುವ ಸೂಪರ್‌ವೈಸರುಗಳೆಲ್ಲ ಗಂಡಸರು. ಆಡಳಿತದವರು ಕೆಟ್ಟವರಲ್ಲ. ‘ಬಡ್ತಿ ಕೊಡ್ತೀವಿ ಅಂದ್ರೂ ಇವರು ಒಪ್ಪಲ್ಲ ಮೇಡಂ, ನಾಯಕತ್ವದ ಗುಣ ಇಲ್ಲ, ಒಂದು ತರಬೇತಿ ಕೊಡಿ’ ಅಂದರು.

ನಾನು ತರಬೇತಿ ಕೊಡುವ ಮುಂಚೆ ನಾಲ್ಕು ದಿನ ಅವರ ಬಸ್ಸಿನಲ್ಲಿ ಓಡಾಡಿದೆ. ಎಂಟು ಹತ್ತು ವರ್ಷ ಅನುಭವವಿದ್ದ ಒಬ್ಬ ಅಕ್ಕ ಹೇಳಿದರು: ‘ಸೂಪರ್‌ವೈಸರ್ ಆದ್ರೆ ಶಿಫ್ಟ್ ಮುಗಿದ ಮೇಲೆ ಕೂತು ಅವತ್ತಿನ ರಿಪೋರ್ಟ್ ಬರೀಬೇಕು. ಅಷ್ಟೊತ್ತಿಗೆ ಬಸ್ ಹೊಲ್ಟೋಗಿರುತ್ತೆ. ನಾನು ರಾತ್ರಿ ಊರು ಸೇರೋದು ಹೆಂಗಕ್ಕ?’ ಅಷ್ಟೇ. ನಾಯಕತ್ವದ ಗುಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ರಿಪೋರ್ಟನ್ನು ಶಿಫ್ಟಿನ ಕೊನೆಯ ಅರ್ಧ ಗಂಟೆಯೊಳಗೇ ಬರೆಯುವಂತೆ ಕೆಲಸ ಹೊಂದಿಸಿದರು. ಆರು ತಿಂಗಳಲ್ಲಿ ಆ ಅಕ್ಕನೂ ಸೇರಿ ನಾಲ್ವರು ಸೂಪರ್‌ವೈಸರ್ ಆದರು. ನನ್ನ ತರಬೇತಿ ಆಮೇಲೆ ನಡೆಯಿತು. ಆದರೆ ಕೆಲಸ ಮಾಡಿದ್ದು ತರಬೇತಿಯಲ್ಲ, ಬಸ್ಸಿನ ವೇಳೆ.

ಇದೇ ಹೆಂಗಸರಿಗೆ ನಾಯಕತ್ವ ಇಲ್ಲವೆಂದು ಹೇಳುತ್ತಿದ್ದ ಊರು 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಏನು ನೋಡಿತು? ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗೆ ಬಂದರು. ಅವರಲ್ಲಿ ಬಹುಪಾಲು ಹೆಂಗಸರು. ಹೊಸೂರು ರಸ್ತೆ ನಿಂತುಹೋಯಿತು. ಕೆಲವು ಕಡೆ ಕಲ್ಲು, ಬೆಂಕಿ ಎಲ್ಲ ಆಯಿತು, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ 19ರಂದೇ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಮಗಳ ಮದುವೆಗೆ, ಮಗನ ಫೀಸಿಗೆ ಆಧಾರವಾಗಿದ್ದ ಹಣದ ಲೆಕ್ಕ ಅವರಿಗೆ ಯಾವ ಅಧಿಕಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ನಮ್ಮ ಮನೆಗಳನ್ನೇ ನೋಡೋಣ. ಇದು ರೇಷ್ಮೆಯ ಸೀಮೆ. ನಮ್ಮ ಅವ್ವ ಹುಳ ಮೇಯಿಸುತ್ತಿದ್ದಳು. ಒಂದನೇ ಜ್ವರದಿಂದ ನಾಲ್ಕನೇ ಜ್ವರದವರೆಗೆ ಯಾವಾಗ ಸೊಪ್ಪು ನಿಲ್ಲಿಸಬೇಕು, ಯಾವಾಗ ಹಾಕಬೇಕು, ಹುಳ ಯಾವ ಹೊತ್ತಿಗೆ ಹಣ್ಣಾಗುತ್ತದೆ ಎಂದು ಕಣ್ಣಲ್ಲಿ ನೋಡಿಯೇ ಹೇಳುತ್ತಿದ್ದಳು. ಹಣ್ಣು ಹುಳ ಆಯ್ದು ಚಂದ್ರಿಕೆಗೆ ಬಿಡುವ ದಿನ ಮನೆಯಲ್ಲಿ ಹತ್ತು ಜನ ಅವಳ ಮಾತಿನಂತೆ ನಡೆಯುತ್ತಿದ್ದರು. ಅಪ್ಪನೂ ಸೇರಿ! ಮಾರನೇ ವಾರ ಗೂಡು ಮೂಟೆ ಕಟ್ಟಿ ರಾಮನಗರದ ಮಾರುಕಟ್ಟೆಗೆ ಹೋಗುವವರು ಅಪ್ಪ. ಹರಾಜು ಕೂಗಿಸುವವರು ಅಪ್ಪ, ಹಣ ಎಣಿಸಿಕೊಳ್ಳುವವರು ಅಪ್ಪ. ಬ್ಯಾಂಕಿನ ಪಾಸ್‌ಬುಕ್ಕು ಅಪ್ಪನ ಹೆಸರಿನಲ್ಲಿ. ಅವ್ವ ಸಾಯುವವರೆಗೂ ಆ ಮಾರುಕಟ್ಟೆಯ ಒಳಗೆ ಕಾಲಿಡಲಿಲ್ಲ. ಮ್ಯಾನೇಜ್‌ಮೆಂಟಿನ ಪುಸ್ತಕದಲ್ಲಿ ಬರುವ ಯೋಜನೆ, ಹೊಂದಾಣಿಕೆ, ನಿಯಂತ್ರಣ ಎಲ್ಲವನ್ನೂ ನಾನು ಮೊದಲು ಕಂಡದ್ದು ಅವಳಲ್ಲಿ. ಆದರೆ ಅವಳನ್ನು ಯಾರೂ ರೈತ ಎಂದು ಕರೆಯಲಿಲ್ಲ. ‘ಮನೇಲವ್ಳೆ’ ಅಂದರು.

ರೀಲಿಂಗ್ ಘಟಕಗಳಲ್ಲೂ ಅದೇ ಕಥೆ. ಬಿಸಿನೀರಿನ ತೊಟ್ಟಿಯಲ್ಲಿ ಕೈಯಿಟ್ಟು ಎಳೆ ಹಿಡಿಯುವವರಲ್ಲಿ ಎಷ್ಟೋ ಜನ ಹೆಂಗಸರು. ಬೆರಳ ಸಂದಿಯಲ್ಲಿ ಹುಣ್ಣು ಅವರಿಗೆ, ಲೈಸೆನ್ಸು ಗಂಡಸರಿಗೆ. ಚನ್ನಪಟ್ಟಣದ ಬೊಂಬೆಯಲ್ಲಿ ಆಲೆಮರ ಕಡೆದು ಅರಗಿನ ಬಣ್ಣ ಕೂರಿಸುವ ಲೇತಿನ ಕೆಲಸ ಬಹಳ ಕಾಲ ಗಂಡಸರದ್ದೇ ಆಗಿತ್ತು. ಈಗ ಹೆಣ್ಣುಮಕ್ಕಳೂ ಲೇತಿನ ಮುಂದೆ ಕೂರುತ್ತಿದ್ದಾರೆ. ಬಿಡದಿಯಲ್ಲಿ 2007ರಲ್ಲಿ ಶುರುವಾದ ಟೊಯೊಟಾ ತರಬೇತಿ ಸಂಸ್ಥೆಗೂ ಈಗ ಹುಡುಗಿಯರನ್ನು ಸೇರಿಸಿಕೊಳ್ಳುತ್ತಾರೆ. ಬಾಗಿಲುಗಳು ತೆರೆಯುತ್ತಿವೆ, ಅದು ಸಂತೋಷ. ಒಳಗೆ ಹೋದವರು ಉಳಿಯುತ್ತಾರೆಯೇ, ಮೇಲೆ ಏರುತ್ತಾರೆಯೇ ಎಂಬುದನ್ನು ನಾವು ನೋಡಬೇಕು.

ಪಂಚಾಯಿತಿಯಲ್ಲಿ ಇದರ ಉದಾಹರಣೆ ಇದೆ. ಕರ್ನಾಟಕದಲ್ಲಿ 1983ರ ಕಾಯ್ದೆಯಂತೆ 1987ರ ಚುನಾವಣೆಯಲ್ಲೇ ಮಹಿಳೆಯರಿಗೆ ನೂರಕ್ಕೆ 25ರಷ್ಟು ಸ್ಥಾನ ಮೀಸಲಾಗಿತ್ತು. ಇಡೀ ದೇಶಕ್ಕೆ ಮೂರನೇ ಒಂದು ಪಾಲು ಬರುವುದಕ್ಕೆ ಎಷ್ಟೋ ಮುಂಚೆ. ಈಗ ನಮ್ಮಲ್ಲಿ ಅರ್ಧ ಪಾಲು. ಆದರೆ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಗಂಡ ಕೂತು ಸಭೆ ನಡೆಸುವುದನ್ನೂ ನಾವು ಕಂಡಿದ್ದೇವೆ. ಎರಡನೇ ಅವಧಿಗೆ ಅದೇ ಹೆಣ್ಣುಮಗಳು ಗಂಡನನ್ನು ಹೊರಗೆ ಕೂರಿಸಿ ತಾನೇ ಲೆಕ್ಕ ಕೇಳಿದ್ದನ್ನೂ ಕಂಡಿದ್ದೇವೆ. ಕುರ್ಚಿ ಕೊಟ್ಟ ದಿನವೇ ನಾಯಕಿ ಹುಟ್ಟುವುದಿಲ್ಲ. ಕಲಿಯಲು ಕಾಲ ಬೇಕು, ಪಕ್ಕದಲ್ಲಿ ಕಲಿಸುವವರು ಬೇಕು.

ಇಲ್ಲಿ ಕುಳಿತವರಲ್ಲಿ ಫಿಲೇಚರ್ ನಡೆಸುವವರಿದ್ದೀರಿ, ಪೆಟ್ರೋಲ್ ಬಂಕ್, ಗ್ರಾನೈಟ್, ಬೊಂಬೆ ಘಟಕ, ಖಾಸಗಿ ಶಾಲೆ ನಡೆಸುವವರಿದ್ದೀರಿ. ನಿಮಗೆ ಕಾನೂನಿನ ನಾಲ್ಕು ಮಾತು. ಯಾವುದೇ ಕೆಲಸದ ಜಾಗದಲ್ಲಿ 10 ಅಥವಾ ಹೆಚ್ಚು ಜನರಿದ್ದರೆ, ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅದರ ಮುಖ್ಯಸ್ಥೆ ಮಹಿಳೆಯೇ ಆಗಿರಬೇಕು. ಈ ಕಾನೂನು 2013ರದು. ಅದರ ಹಿಂದೆ 1997ರ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಇದೆ. ಆ ತೀರ್ಪಿನ ಹಿಂದೆ ಬಾಲ್ಯವಿವಾಹ ತಡೆಯಲು ಹೋಗಿ ಘೋರ ಅನ್ಯಾಯಕ್ಕೆ ಒಳಗಾದ ರಾಜಸ್ಥಾನದ ಹಳ್ಳಿಯ ಕಾರ್ಯಕರ್ತೆ ಭಂವರಿ ದೇವಿಯ ನೋವಿದೆ. 10ಕ್ಕಿಂತ ಕಡಿಮೆ ಜನರಿರುವ ಕಡೆ ಕೆಲಸ ಮಾಡುವವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಬರೆದು ಕೊಡಬೇಕು. ಮಕ್ಕಳೇ, ಇದನ್ನು ನೆನಪಿಡಿ.

ಎರಡನೆಯದು, ಹೆರಿಗೆ ರಜೆ. 1961ರ ಕಾಯ್ದೆಯಲ್ಲಿ 12 ವಾರ ಇತ್ತು, 2017ರಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಆಯಿತು. ‘ಅಷ್ಟು ದಿನದ ಸಂಬಳ ನಾವು ಎಲ್ಲಿಂದ ಕೊಡೋಣ, ಹೆಂಗಸರ ಸಹವಾಸವೇ ಬೇಡ’ ಎಂದು ಕೆಲವು ಮಾಲೀಕರು ಲೆಕ್ಕ ಹಾಕುತ್ತಾರೆ. ಆದರೆ ಇ.ಎಸ್.ಐ. ವ್ಯಾಪ್ತಿಗೆ ಬರುವ ಕಾರ್ಮಿಕರಿಗೆ ಆ ಹಣವನ್ನು ಕೊಡುವುದು ಇ.ಎಸ್.ಐ. ನಿಗಮ, ನೀವಲ್ಲ. ವಂತಿಗೆ ಸರಿಯಾಗಿ ಕಟ್ಟಿ ಸಾಕು. ಮೂರನೆಯದು, 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಶಿಶುವಿಹಾರ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳುತ್ತಿತ್ತು. ಹೊಸ ಮಾತಲ್ಲ ಇದು. ನಾಲ್ಕನೆಯದು, 2019ರಿಂದ ನಮ್ಮ ರಾಜ್ಯದ ಕಾರ್ಖಾನೆಗಳಲ್ಲಿ ಮಹಿಳೆಯರು ರಾತ್ರಿ ಪಾಳಿಯಲ್ಲೂ ಕೆಲಸ ಮಾಡಬಹುದು. ಆದರೆ ವಾಹನ, ಭದ್ರತೆ ಮುಂತಾದ ಷರತ್ತುಗಳಿವೆ. ಪಾಳಿ ಮಾತ್ರ ತೆಗೆದುಕೊಂಡು ಷರತ್ತು ಬಿಡಬೇಡಿ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಅದರ ಬಗ್ಗೆ ತಮಾಷೆ ಮಾಡುವವರಿದ್ದಾರೆ. ಬಸ್ಸಿನ ವೇಳೆಗಾಗಿ ಬಡ್ತಿ ಬಿಟ್ಟ ಅಕ್ಕನನ್ನು ನೋಡಿದ ನನಗೆ ತಮಾಷೆ ಅನ್ನಿಸುವುದಿಲ್ಲ. ಆದರೆ ಟಿಕೆಟ್ ಇಲ್ಲದಿದ್ದರೆ ಸಾಲದು, ಸಂಜೆ ಏಳರ ಮೇಲೆ ಹಳ್ಳಿಗೆ ಬಸ್ಸೂ ಬರಬೇಕು.

ಎಲ್ಲರನ್ನೂ ಒಳಗೊಳ್ಳುವುದು ಎಂದರೆ ಹೆಂಗಸರನ್ನು ಮಾತ್ರವಲ್ಲ. ಗಾಲಿಕುರ್ಚಿಯಲ್ಲಿ ಬರುವ ಹುಡುಗನಿಗೆ ನಿಮ್ಮ ಆಫೀಸಿನ ಮೂರು ಮೆಟ್ಟಿಲೇ ‘ಕೆಲಸವಿಲ್ಲ’ ಎಂಬ ಬೋರ್ಡು. ಯಾರಿಗಾದರೂ ಟೀ ಲೋಟ ಬೇರೆ ಇಡುವ ಜಾಗದಲ್ಲಿ ಎಷ್ಟು ಸಂಬಳ ಕೊಟ್ಟರೂ ಅದು ಕೆಲಸದ ಜಾಗ ಅಲ್ಲ. ನಾನು ಕಂಪನಿಗಳಿಗೆ ಹೇಳುತ್ತಿದ್ದ ವಿಧಾನ ಎಲ್ಲರಿಗೂ ಒಂದೇ: ಯಾರು ಬಿಟ್ಟುಹೋಗುತ್ತಿದ್ದಾರೆ ನೋಡಿ, ಯಾಕೆಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನು ಸರಿಮಾಡಿ.

ನಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ಸಾಕ್ಷಿ ಇದೆ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯ ಆಲದ ಸಾಲನ್ನು ನೀವೆಲ್ಲ ನೋಡಿದ್ದೀರಿ. ಸಾಲುಮರದ ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಬಂತು. ಎಲ್ಲರೂ ಅವರು ಸಸಿ ನೆಟ್ಟದ್ದನ್ನು ಹೇಳುತ್ತಾರೆ. ನೆಡುವುದು ಒಂದು ದಿನದ ಕೆಲಸ. ಅವರೂ ಅವರ ಯಜಮಾನರು ಚಿಕ್ಕಯ್ಯನವರೂ ದೂರದಿಂದ ನೀರು ಹೊತ್ತರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಕೂಲಿ ಮಾಡುವ ಬದುಕಿನ ನಡುವೆ ವರ್ಷಗಟ್ಟಲೆ ಮಾಡಿದರು. ಆ ಸಾಲು ಇವತ್ತು ನೆರಳು ಕೊಡುತ್ತಿರುವುದು ಆ ನೀರಿನಿಂದ, ಆ ಬೇಲಿಯಿಂದ. ಹೆಣ್ಣುಮಗಳಿಗೆ ಕೆಲಸ ಕೊಡುವುದು ಸಸಿ ನೆಟ್ಟಂತೆ. ನೀರು ಹೊರಲು ಸಿದ್ಧರಿಲ್ಲದವರು ನೆಟ್ಟ ಲೆಕ್ಕ ಹೇಳಿ ಪ್ರಯೋಜನವಿಲ್ಲ.

ಕೊನೆಯದಾಗಿ ಮನೆಯ ಮಾತು. ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳಿಂದ ಸೇರಿದ ಹಣದಲ್ಲಿ ಮುಖ್ಯರಸ್ತೆಗೆ ಒಂದು ದೊಡ್ಡ ಕಮಾನು ಕಟ್ಟಿಸಬೇಕೆಂದು ಸಮಿತಿಯಲ್ಲಿ ಮಾತಾಗಿದೆ. ಸಮಿತಿಯ ಅಣ್ಣಂದಿರು ಮುನಿಸಿಕೊಳ್ಳಬಾರದು. ಬೆಳಿಗ್ಗೆ ನಾನು ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗಿ ನೋಡಿದೆ. ತಗಡು ಹೋಗಿ ಗಾರೆ ಕಟ್ಟಡ ಬಂದಿದೆ, ಟೈಲ್ಸ್ ಇದೆ. ಆದರೆ ನಲ್ಲಿಯಲ್ಲಿ ನೀರಿಲ್ಲ, ಒಂದು ಬಾಗಿಲಿಗೆ ಚಿಲಕವಿಲ್ಲ. ಒಂಬತ್ತನೇ ತರಗತಿಯ ಮೂವರು ಹುಡುಗಿಯರನ್ನು ಕೇಳಿದೆ. ‘ಮನೆಗೆ ಹೋಗ್ಬರ್ತೀವಿ ಮಿಸ್’ ಅಂದರು. ಐವತ್ತು ವರ್ಷದ ಹಿಂದೆ ನಾನು ಹೇಳುತ್ತಿದ್ದ ಮಾತೇ.

ಆದ್ದರಿಂದ ನನ್ನ ವಿನಂತಿ. ಕಮಾನು ಸ್ವಲ್ಪ ಸಣ್ಣದಾಗಲಿ, ಇಲ್ಲವೇ ಮುಂದಿನ ವರ್ಷಕ್ಕಿರಲಿ. ಮೊದಲು ಒಂದು ಬೋರಿನ ಮೋಟರು, ಮೇಲೆ ಟ್ಯಾಂಕು, ಪ್ರತಿದಿನ ತೊಳೆಯುವ ಒಬ್ಬರಿಗೆ ಸಂಬಳ ಕೊಡಲು ಬ್ಯಾಂಕಿನಲ್ಲಿ ಒಂದು ಠೇವಣಿ. 1978ರ ತಂಡದ ನಾವು ಐದು ಜನ ಹೆಣ್ಣುಮಕ್ಕಳು ಸೇರಿ ಮೋಟರಿನ ಖರ್ಚು ವಹಿಸಿಕೊಳ್ಳುತ್ತೇವೆ. ಈಗಷ್ಟೇ ಎರಡನೇ ಸಾಲಿನಿಂದ ಒಪ್ಪಿಗೆ ಬಂತು! ಠೇವಣಿಯ ಲೆಕ್ಕ ನೋಡುವ ಸಮಿತಿಯಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗಿಯೂ ಇರಲಿ. ಚಿಲಕ ಮುರಿದರೆ ಮೊದಲು ಗೊತ್ತಾಗುವುದು ಅವಳಿಗೆ.

ಮಕ್ಕಳೇ, ನಿಮಗೆ ಉಪದೇಶ ಮಾಡುವುದಿಲ್ಲ. ಎರಡೇ ಮಾತು. ನಿಮ್ಮ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ ಇರಲಿ, ಅದರ ಪಾಸ್‌ಬುಕ್ಕು ನಿಮ್ಮ ಕೈಯಲ್ಲಿರಲಿ. ನಿಮಗೆ ತೊಂದರೆಯಾದದ್ದನ್ನು ಯಾರಾದರೂ ಕೇಳಿದರೆ ಸಂಕೋಚಪಡದೆ ಹೇಳಿ. ಯಾರೂ ಕೇಳದಿದ್ದರೆ ಒಂದು ಪೋಸ್ಟ್‌ಕಾರ್ಡು ಬರೆಯಿರಿ. ಮುಖ್ಯೋಪಾಧ್ಯಾಯರಿಗೆ ಬರೆಯಿರಿ, ಪಂಚಾಯಿತಿಗೆ ಬರೆಯಿರಿ, ನನಗೆ ಬರೆದರೂ ಸರಿ. ಈ ಸಲ ನಾನು ಸುಮ್ಮನಿರುವುದಿಲ್ಲ.